ಹೆಬ್ಬೆಟ್ಟು ಒತ್ತಿಸಿ ಎಬ್ಬಿಸಿದ ಕಲ್ಲು

ಕಲ್ಲಿಗೆ ಸೋಪು ಹಾಕಬೇಡಿ. ಸೋಡಾ ಹಾಕಬೇಡಿ. ತಂತಿ ಬ್ರಷ್ಷನ್ನಂತೂ ಮುಟ್ಟಲೇಬೇಡಿ. ನೀರು, ತೆಂಗಿನ ನಾರು, ಒಂದು ಬಿದಿರಿನ ಕಡ್ಡಿ, ಇಷ್ಟು ಸಾಕು. ಹೊಸದಾಗಿ ಸೇರಿದವರು ಮೊದಲ ದಿನವೇ ಕಲ್ಲನ್ನು ಬೆಳ್ಳಗೆ ಮಾಡಲು ಹೋಗುತ್ತಾರೆ. ನಾನೂ ಹೋಗಿದ್ದೆ.

ನನ್ನ ಹೆಸರು ಈರಮ್ಮ. ಬಳ್ಳಾರಿಯಲ್ಲಿ ಹಳೇ ಕಲ್ಲುಗಳನ್ನು ನೋಡಿಕೊಳ್ಳುವ ಆಫೀಸೊಂದಕ್ಕೆ ಕೂಲಿಯವಳಾಗಿ ಸೇರಿ, ಆಮೇಲೆ ಕಾಯಂ ಆಗಿ, ಅಲ್ಲೇ ಮುದುಕಿಯಾದೆ. ಆಫೀಸಿನ ಹೆಸರು ಬರೆಯುವುದಿಲ್ಲ. ಮೂರನೇ ಕ್ಲಾಸಿಗೆ ಸಾಲೆ ಬಿಟ್ಟವಳು ನಾನು. ಒತ್ತಕ್ಷರ ಬಂದರೆ ಈಗಲೂ ಅಲ್ಲೇ ನಿಲ್ಲುತ್ತೇನೆ. ಇಷ್ಟು ಬರೆಯುವುದಕ್ಕೆ ನಾಲ್ಕು ತಿಂಗಳು ಹಿಡಿಯಿತು. ತಪ್ಪು ತಿದ್ದಿದವಳು ಅನುಷಾ. ನಮ್ಮ ಆಫೀಸಿಗೆ ಹೊಸದಾಗಿ ಬಂದ ಹುಡುಗಿ. ನಿಮ್ಮ ಕೆಲಸ ಹೇಗಿತ್ತು ಬರೀರಿ ಅಂತ ಗಂಟುಬಿದ್ದವಳೂ ಅವಳೇ. ಹೇಗಿತ್ತೋ ಹಾಗೆ ಬರೆದಿದ್ದೇನೆ. ಚೆಂದ ಮಾಡಿಲ್ಲ.

ಹೊಲದ ಬದುವಿನಲ್ಲಿ, ಕೆರೆ ಏರಿಯಲ್ಲಿ, ಗುಡಿಯ ಹಿಂದೆ ಬಿದ್ದ ಕಲ್ಲುಗಳನ್ನು ಹುಡುಕಿ, ತೊಳೆದು, ಅಚ್ಚು ತೆಗೆಯುವುದು ನಮ್ಮ ಕೆಲಸ. ತೊಳೆದ ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಬೇಕು. ಕೂದಲಿನ ಬ್ರಷ್ಷಿನಿಂದ ಕಾಗದವನ್ನು ಬಡಿಯಬೇಕು, ಅದು ಅಕ್ಷರದ ಕುಳಿಯೊಳಗೆ ಇಳಿಯುವ ತನಕ. ಜೋರಾಗಿ ಬಡಿದರೆ ಹರಿಯುತ್ತದೆ, ಮೆಲ್ಲಗೆ ಬಡಿದರೆ ಇಳಿಯುವುದಿಲ್ಲ. ಅರೆ ಒಣಗಿದ ಮೇಲೆ ಬಟ್ಟೆಯ ಉಂಡೆಗೆ ಕಪ್ಪು ಮಸಿ ಹಚ್ಚಿ ಒತ್ತಿಕೊಂಡು ಹೋಗಬೇಕು. ಕಾಗದ ಪೂರಾ ಕರಿ ಆಗುತ್ತದೆ, ಅಕ್ಷರ ಮಾತ್ರ ಬಿಳಿ ಉಳಿಯುತ್ತದೆ. ಈಗ ಅನುಷಾ ಫೋನಿನಲ್ಲಿ ಫೋಟೋ ಹೊಡೆದು ಕಳಿಸುತ್ತಾಳೆ. ಒಳ್ಳೆಯದೇ, ಕೈ ಕರಿ ಆಗುವುದಿಲ್ಲ. ಆದರೆ ಬಡಿಯುವಾಗ ಕಲ್ಲಿನ ಮುಂದೆ ಅರ್ಧ ದಿನ ಕೂರಬೇಕಿತ್ತು. ಅರ್ಧ ದಿನ ಕೂತರೆ ಆ ಹೊಲದ ಮಂದಿ ಬಂದು ಮಾತಾಡುತ್ತಾರೆ. ಫೋಟೋ ಹೊಡೆದು ಹೋಗುವವರ ಹತ್ತಿರ ಯಾರೂ ಬರುವುದಿಲ್ಲ.

ಆ ಕಲ್ಲುಗಳಲ್ಲಿ ಬಹಳಷ್ಟು ಯುದ್ಧದಲ್ಲಿ ಸತ್ತವರವು. ವೀರಗಲ್ಲು ಅನ್ನುತ್ತಾರೆ. ಕೆಳಗಡೆ ಕಾಳಗ, ನಡುವೆ ಸತ್ತವನನ್ನು ದೇವಕನ್ನೆಯರು ಎತ್ತಿಕೊಂಡು ಹೋಗುತ್ತಿರುತ್ತಾರೆ, ಮೇಲೆ ಅವನು ಲಿಂಗದ ಮುಂದೆ ಕೈಮುಗಿದು ಕೂತಿರುತ್ತಾನೆ. ನೋಡುವವರೆಲ್ಲ ಮೇಲಿನದನ್ನೇ ನೋಡುತ್ತಾರೆ. ಕೆಳಗಿನ ಭಾಗ ಸಾಮಾನ್ಯವಾಗಿ ಮಣ್ಣಿನಲ್ಲಿ ಹೂತಿರುತ್ತದೆ. ಅಗೆದು ತೊಳೆಯುವವಳು ನಾನು, ಆದ್ದರಿಂದ ನನಗೆ ಮೊದಲು ಕಾಣುವುದು ಅದೇ. ಕುದುರೆಯ ಕಾಲಡಿ ಬಿದ್ದವರು, ತಲೆ ಒಂದು ಕಡೆ ಕಾಲು ಒಂದು ಕಡೆ. ಅವರಿಗೆ ಹೆಸರಿಲ್ಲ, ಎತ್ತಿಕೊಂಡು ಹೋಗಲು ಯಾವ ಕನ್ನೆಯೂ ಇಲ್ಲ. ಅವರ ಅಚ್ಚನ್ನೂ ತೆಗೆಯಲಾ ಅಂತ ಮೊದಮೊದಲು ಕೇಳಿದ್ದೆ. ಬೇಡ, ಅಕ್ಷರ ಇದ್ದಷ್ಟು ತೆಗಿ, ಕಾಗದ ಉಳಿಸು ಅಂದರು ನಮ್ಮ ಆಫೀಸಿನ ಸಾಹೇಬರು.

ಸೇರಿದ ಮೊದಲ ವರ್ಷ ಸಿರುಗುಪ್ಪದ ಹತ್ತಿರ ಒಂದು ಕಾಲುವೆಯ ಬಳಿ ಅಂಥ ಕಲ್ಲು ಸಿಕ್ಕಿತು. ಹೆಂಗಸರು ಅದರ ಮೇಲೆ ಬಟ್ಟೆ ಒಗೆಯುತ್ತಿದ್ದರು. ಪಾಚಿ, ಸೋಪಿನ ಜಿಡ್ಡು. ನಾನು ಚುರುಕಿನವಳು ಅಂತ ತೋರಿಸಬೇಕಿತ್ತಲ್ಲ, ಪಾತ್ರೆ ಉಜ್ಜುವ ತಂತಿ ತಗೊಂಡು ಒಂದು ಗಂಟೆ ಉಜ್ಜಿದೆ. ಕಲ್ಲು ಫಳಫಳ ಅಂದಿತು. ಸಾಹೇಬರು ಬಂದರು, ಬಗ್ಗಿ ನೋಡಿದರು, ಒಂದು ಸಾಲಿನ ಮೇಲೆ ಬೆರಳಾಡಿಸಿದರು. ಬೆರಳು ಜಾರಿತು.

"ಅಲ್ಲೇನಿತ್ರಿ?" ಅಂದೆ.

"ಸತ್ತವನ ಹೆಸರು," ಅಂದರು. ಬೈಯಲಿಲ್ಲ.

ಬಟ್ಟೆ ಒಗೆಯುತ್ತಿದ್ದ ಮುದುಕಿ ಸುಮ್ಮನಿರಲಿಲ್ಲ. "ನಮ್ಮತ್ತಿ, ನಮ್ಮತ್ತೀರ ಅತ್ತಿ ಎಲ್ಲಾರೂ ಇದರ ಮ್ಯಾಲ ಕುಬಸ ಕುಕ್ಕ್ಯಾರ. ಆತನ ಹೆಸರು ಹೋಗಿರಲಿಲ್ಲ. ನೀ ಒಬ್ಬಾಕಿ ಬಂದಿ ನೋಡು, ತೊಳದ ಬಿಟ್ಟಿ."

ಅವತ್ತಿನಿಂದ ತಂತಿ ಮುಟ್ಟಿಲ್ಲ.

ಆ ಸಾಹೇಬರು ಮೈಸೂರು ಕಡೆಯವರು. ಕೆಟ್ಟವರಲ್ಲ. ಹಳೇ ಅಕ್ಷರ ಕಂಡರೆ ಊಟ ಮರೆಯುತ್ತಿದ್ದರು. ಅವರಿಗೆ ಸತ್ತವನು ಯಾವ ರಾಜನ ಕಾಲದವನು ಅನ್ನುವುದು ಮುಖ್ಯ. ಜೀಪಿನ ಡ್ರೈವರ್ ಖಾಸಿಂ ಸಾಬ್ ಬ್ರೂಸ್‌ಪೇಟೆಯವರು, ಅವರಪ್ಪನದು ಬಳೆ ಅಂಗಡಿ. ಅವರು ನನ್ನನ್ನು ಈರಮ್ಮಕ್ಕ ಅನ್ನುತ್ತಿದ್ದರು, ನಾನು ಖಾಸಿಮಣ್ಣ ಅನ್ನುತ್ತಿದ್ದೆ. ಇಪ್ಪತ್ತು ವರ್ಷ ಒಟ್ಟಿಗೆ ತಿರುಗಿದ್ದೇವೆ.

ಒಮ್ಮೆ ಕುರುಗೋಡಿನಲ್ಲಿ ಒಂದು ಮಾಸ್ತಿಕಲ್ಲು ತೊಳೆಯುತ್ತಿದ್ದೆ. ಗಂಡ ಯುದ್ಧದಲ್ಲಿ ಸತ್ತು, ಬೆಂಕಿಗೆ ಬಿದ್ದ ಹೆಂಡತಿಯ ಕಲ್ಲು. ಕಂಬದಿಂದ ಒಂದು ಕೈ ಮೇಲೆದ್ದಿರುತ್ತದೆ, ಮೊಣಕೈ ತನಕ ಬಳೆ. ಮುಖ ಇರುವುದಿಲ್ಲ, ಬರೀ ಕೈ. ಸಾಹೇಬರು, "ಎಂಥಾ ಗೌರವ ನೋಡಿ, ದೇವತೆ ಮಾಡಿದಾರೆ," ಅಂದರು. ಖಾಸಿಮಣ್ಣ ಬೀಡಿ ಆರಿಸಿ ಹತ್ತಿರ ಬಂದು ಆ ಬಳೆಗಳನ್ನು ನೋಡಿದರು.

"ಸಣ್ಣ ಕೈ ಐತಿ ಈರಮ್ಮಕ್ಕ. ಎರಡಾಣಿ ಅಳತಿ. ಹದಿನಾರ ಹದಿನೇಳರ ಹುಡುಗೀದು."

"ಕಲ್ಲಿನ ಬಳಿಗೂ ಅಳತಿ ಹೇಳತೀಯೇನಪಾ?" ಅಂದೆ.

"ಕೆತ್ತಿದಾಂವ ಆಕಿ ಕೈ ನೋಡ್ಯಾನ. ಇಲ್ಲಾಂದ್ರ ಮಣಿಕಟ್ಟು ಇಷ್ಟ ಸಣ್ಣದು ಯಾಕ ಮಾಡ್ತಿದ್ದ?"

ಸಾಹೇಬರು ರಿಜಿಸ್ಟರಿನಲ್ಲಿ ಕಲ್ಲಿನ ಎತ್ತರ ಬರೆದುಕೊಂಡರು.

ಬಳ್ಳಾರಿ ದಂಡಿನ ಕಡೆ ಬಿಳಿಯರ ಹಳೇ ಗೋರಿಗಳಿವೆ. ಅಲ್ಲೂ ಹುಲ್ಲು ಕಿತ್ತು ತೊಳೆದಿದ್ದೇನೆ. ಸಾಹೇಬರು ಓದಿ ಹೇಳುತ್ತಿದ್ದರು: ಇವನಿಗೆ ಹತ್ತೊಂಬತ್ತು, ಇವನಿಗೆ ಇಪ್ಪತ್ತೊಂದು, ಎಲ್ಲಾ ಜ್ವರ ಬಂದು, ಕಾಲರಾ ಬಂದು ಸತ್ತವರು. ಕತ್ತಿ ಕಂಡವರೇ ಕಡಿಮೆ. ಎಲ್ಲಿಯವರೋ, ಯಾರ ಯುದ್ಧಕ್ಕೋ ಬಂದು ನಮ್ಮ ಬಿಸಿಲಿಗೆ ಹೋದರು. ಇನ್ನೊಂದು ಊರಿನ ಚಾವಡಿಯ ಗೋಡೆಯಲ್ಲಿ ಇಂಗ್ಲಿಷರ ಕಾಲದ ಹಲಗೆಗಲ್ಲಿತ್ತು. ಈ ಊರಿನಿಂದ ದೊಡ್ಡ ಯುದ್ಧಕ್ಕೆ ಇಷ್ಟು ಮಂದಿ ಹೋದರು, ಇಷ್ಟು ಮಂದಿ ಸತ್ತರು ಅಂತ ಬರೆದಿತ್ತು. ಬರೀ ಲೆಕ್ಕ, ಹೆಸರಿಲ್ಲ. ಹೋದವರು ಯಾರ ಮನೆಯವರು ಅಂತ ಊರಿನಲ್ಲಿ ಕೇಳಿದೆ. ಒಬ್ಬರಿಗೂ ಗೊತ್ತಿಲ್ಲ. ಸಾವಿರ ವರ್ಷದ ಹಿಂದೆ ಹಸುವಿನ ಮಂದೆ ಬಿಡಿಸಲು ಹೋಗಿ ಸತ್ತವನಿಗಾದರೂ ಹೆಸರಿತ್ತು.

ಇವೆಲ್ಲ ಬೇರೆಯವರ ಸಾವು. ತೊಳೆದೆ, ಅಚ್ಚು ತೆಗೆದೆ, ಮನೆಗೆ ಹೋಗಿ ರೊಟ್ಟಿ ತಟ್ಟಿದೆ. ಯಾವುದೂ ನಿದ್ದೆ ಕೆಡಿಸಲಿಲ್ಲ. ಕೆಡಿಸಿದ್ದು ಬಾದನಹಟ್ಟಿಯ ಕಲ್ಲು. ಅದನ್ನು ಹೇಳುವುದಕ್ಕೇ ಇಷ್ಟೆಲ್ಲ ಬರೆದದ್ದು.

ಬಾದನಹಟ್ಟಿಯಲ್ಲಿ ದಾರಿಯ ಪಕ್ಕದ ಹೊಲವೊಂದರ ಬದುವಿನಲ್ಲಿ ವೀರಗಲ್ಲಿತ್ತು. ಎದೆಯೆತ್ತರ. ರಸ್ತೆ ಅಗಲ ಮಾಡುತ್ತಾರೆ, ಬದು ಹೋಗುತ್ತದೆ, ಕಲ್ಲನ್ನು ಆಫೀಸಿಗೆ ತರಬೇಕು ಅಂತ ಮೇಲಿನಿಂದ ಕಾಗದ ಬಂತು. ಹೊಲದವರ ಒಪ್ಪಿಗೆ ಬೇಕು. ಹೊಲದವಳು ಶಿವಗಂಗಮ್ಮ. ಒಂಟಿ ಹೆಂಗಸು. ಒಂಟಿ ಹೆಂಗಸರ ಹೆಬ್ಬೆಟ್ಟು ಬೇಕಾದಾಗಲೆಲ್ಲ ನನ್ನನ್ನೇ ಕಳಿಸುತ್ತಿದ್ದರು. ಸೀರೆ ಉಟ್ಟವಳು, ಕೈಯಲ್ಲಿ ಮಣ್ಣು ಮೆತ್ತಿದವಳು ಕೇಳಿದರೆ ಒತ್ತುತ್ತಾರೆ ಅಂತ.

ಶಿವಗಂಗಮ್ಮನ ಗಂಡ ಮಿಲಿಟರಿಯಲ್ಲಿದ್ದ. ಬಾಂಗ್ಲಾ ಯುದ್ಧಕ್ಕೆ ಹೋದ. ಯುದ್ಧ ಮುಗಿದ ಮೇಲೆ ಒಂದು ಕಾಗದ ಬಂತು. ಸತ್ತ ಅಂತ ಅಲ್ಲ, ಕಾಣೆಯಾಗಿದ್ದಾನೆ ಅಂತ. ಆಗ ಅವಳಿಗೆ ಮದುವೆಯಾಗಿ ಎರಡು ವರ್ಷವೂ ಆಗಿರಲಿಲ್ಲ. ಅವರ ಕುಲದಲ್ಲಿ ಸತ್ತವರನ್ನು ಹೂಳುತ್ತಾರೆ. ಮೂರನೇ ದಿನ ಗುಂಡಿಯ ಮೇಲೆ ಹಾಲು ತುಪ್ಪ ಬಿಡುತ್ತಾರೆ. ಹೆಣ ಇಲ್ಲ ಅಂದ ಮೇಲೆ ಗುಂಡಿ ಎಲ್ಲಿ, ಹಾಲು ಎಲ್ಲಿ ಬಿಡುವುದು? ಬರುತ್ತಾನೆ ಅಂತ ಅತ್ತೆ ಕಾದಳು, ಇವಳೂ ಕಾದಳು. ಏಳು ವರ್ಷ ಕೈಯಲ್ಲಿ ಬಳೆ, ಹಣೆಯಲ್ಲಿ ಕುಂಕುಮ. ಒಂದು ಕಡೆ ಮುತ್ತೈದೆ, ಇನ್ನೊಂದು ಕಡೆ ಮಂದಿ ಬಾಯಿಗೆ ಬಂದದ್ದು ಆಡುತ್ತಿದ್ದರು. ಅತ್ತೆ ಸತ್ತ ಮೇಲೆ ಒಂದು ಅಮಾವಾಸ್ಯೆ ಇವಳೇ ತಂಬಿಗೆಯಲ್ಲಿ ಹಾಲು ತಂದು ಬದುವಿನ ಆ ಕಲ್ಲಿನ ಬುಡಕ್ಕೆ ಬಿಟ್ಟಳಂತೆ. ಅಂದಿನಿಂದ ಪ್ರತಿ ಅಮಾವಾಸ್ಯೆ ಬಿಡುತ್ತಿದ್ದಳು. ಅದೇ ಅವಳ ಗಂಡನ ಗುಂಡಿ.

ಇದನ್ನೆಲ್ಲ ಅವಳೇ ಹೇಳಿದಳು, ಜೋಳದ ರಾಶಿಯ ಹತ್ತಿರ ಕೂತು. ಕಣ್ಣೀರು ಹಾಕಲಿಲ್ಲ. ಕಾಳಿನಲ್ಲಿ ಕಲ್ಲು ಆರಿಸುತ್ತಾ ಹೇಳಿದಳು. ಆಮೇಲೆ ನನ್ನ ಕೈಯಲ್ಲಿದ್ದ ಕಾಗದ ನೋಡಿ, "ಕಲ್ಲ ಒಯ್ತೀರೇನವ್ವ?" ಅಂದಳು.

"ಒಯ್ದು, ತೊಳದು, ಅಚ್ಚು ತಗದು, ಹೊಳ್ಳಿ ತಂದು ನಿಲ್ಲಸ್ತೀವಿ ಅಕ್ಕ. ಬದು ಹಿಂದಕ ಸರಿಸ್ತಾರಲ್ಲ, ಅಲ್ಲೇ ನಿಲ್ಲಸ್ತೀವಿ."

"ಖರೇನ?"

"ಖರೇನ."

ಒತ್ತಿದಳು.

ನಾನು ಸುಳ್ಳು ಹೇಳಲಿಲ್ಲ. ಅಲ್ಲಿಯ ತನಕ ನಾವು ಎಬ್ಬಿಸಿದ ಕಲ್ಲುಗಳನ್ನೆಲ್ಲ ಅಚ್ಚು ತೆಗೆದು ಅಲ್ಲೇ ನಿಲ್ಲಿಸಿಯೇ ಬಂದಿದ್ದೆವು. ಇದೂ ಹಾಗೇ ಅಂದುಕೊಂಡೆ. ಕಾಗದದಲ್ಲಿ ಏನು ಬರೆದಿದೆ ಅಂತ ನನಗೆ ಓದಲು ಬರಲಿಲ್ಲ. ಆಫೀಸಿನ ಕನ್ನಡ, ಎಲ್ಲಾ ಒತ್ತಕ್ಷರ. ಓದಿ ಹೇಳ್ರಿ ಅಂತ ಸಾಹೇಬರನ್ನು ಕೇಳಬಹುದಿತ್ತು. ಕೇಳಲಿಲ್ಲ. ಓದು ಬರುವುದಿಲ್ಲ ಅಂತ ಮತ್ತೆ ಹೇಳಿಕೊಳ್ಳಲು ನಾಚಿಕೆ. ಅಷ್ಟೇ ಕಾರಣ. ಬೇರೆ ದೊಡ್ಡ ಕಾರಣ ಏನೂ ಇಲ್ಲ.

ಕಲ್ಲು ಎಬ್ಬಿಸುವ ದಿನ ಅವಳು ಬದುವಿನ ಮೇಲೆ ನಿಂತಿದ್ದಳು. ನಾಲ್ಕು ಆಳು, ಹಾರೆ, ಹಗ್ಗ. ಕಲ್ಲು ಅಲುಗಾಡಿ ಮೇಲೆ ಬಂತು. ಅದರ ಜೊತೆ ಬುಡದ ಮಣ್ಣೂ ಬಂತು, ಹಾಲು ಕುಡಿದು ಕುಡಿದು ಜಿಗುಟಾದ ಕರಿ ಮಣ್ಣು. ಆ ಮಣ್ಣಿನಲ್ಲಿ ಹಸಿರು ಗಾಜಿನ ಚೂರು ಮಿಂಚಿತು. ಒಂದಲ್ಲ, ಹಿಡಿ ತುಂಬ. ಖಾಸಿಮಣ್ಣ ಒಂದು ಚೂರು ಎತ್ತಿಕೊಂಡರು, ನನ್ನ ಮುಖ ನೋಡಿದರು, ತಿರುಗಿ ಅದೇ ಕುಳಿಯಲ್ಲಿ ಇಟ್ಟರು. ಏಳು ವರ್ಷ ತೊಟ್ಟ ಬಳೆಗಳನ್ನು ಅವಳು ಇನ್ನೊಬ್ಬರ ಕೈಯಿಂದ ಒಡೆಸಿಕೊಂಡಿರಲಿಲ್ಲ. ಇಲ್ಲಿಗೆ ಬಂದು ತಾನೇ ಒಡೆದುಕೊಂಡು ಹೂತಿದ್ದಳು. ನಾನು ಕಾಲಿನಿಂದ ಮಣ್ಣು ಎಳೆದು ಮುಚ್ಚಿದೆ.

"ಯಾವಾಗ ತರ್ತೀರಿ?" ಅಂತ ಕೇಳಿದಳು.

"ಹದಿನೈದ ದಿನದಾಗ ಅಕ್ಕ."

ಆಫೀಸಿನ ಅಂಗಳದಲ್ಲಿ ಕಲ್ಲನ್ನು ಇಳಿಸಿದ ಮರುದಿನವೇ ಅದರ ಬೆನ್ನಿಗೆ ಬಿಳಿ ಬಣ್ಣದಲ್ಲಿ ನಂಬರು ಬರೆದರು. ನಂಬರು ಹಾಕಿದ ಕಲ್ಲು ವಾಪಸು ಹೋಗುವುದಿಲ್ಲ. ನಾನು ಸೇರುವ ಮುಂಚೆ ಬಂದ ಅಂಥ ಕಲ್ಲುಗಳು ಅಂಗಳದಲ್ಲೇ ಇದ್ದವು, ನನಗೆ ಅದು ಗೊತ್ತಿತ್ತು. ಸಾಹೇಬರ ಹತ್ತಿರ ಹೋಗಿ, "ಇದು ಹೊಳ್ಳಿ ಹೋಗಬೇಕ್ರಿ," ಅಂದೆ.

"ಯಾರು ಹೇಳಿದ್ದು? ಶಾಶ್ವತವಾಗಿ ಒಪ್ಪಿಸಿದ್ದೇನೆ ಅಂತ ಆಕೆಯೇ ಬರೆದುಕೊಟ್ಟಿದಾಳಲ್ಲ. ನೀನೇ ತಂದದ್ದು."

ಹೌದು. ನಾನೇ ತಂದದ್ದು.

ಶಿವಗಂಗಮ್ಮ ಹದಿನೈದು ದಿನ ಕಾದಳು. ಅಮಾವಾಸ್ಯೆಗೆ ಬಸ್ಸು ಹತ್ತಿ ಕುರುಗೋಡಿಗೆ, ಅಲ್ಲಿಂದ ಬಳ್ಳಾರಿಗೆ ಬಂದಳು. ಗಾಂಧಿನಗರದಲ್ಲಿ ಇಳಿದು ಕೇಳಿಕೊಂಡು ಕೇಳಿಕೊಂಡು ನಮ್ಮ ಆಫೀಸಿನ ಗೇಟಿಗೆ ಬಂದು ನಿಂತಳು. ಕೈಯಲ್ಲಿ ತಂಬಿಗೆ, ಅದರ ಬಾಯಿಗೆ ಬಟ್ಟೆ ಕಟ್ಟಿತ್ತು. ನಾನೇ ಒಳಗೆ ಕರೆದುಕೊಂಡು ಹೋದೆ. ಬಿಸಿಲಿಗೆ ಅರ್ಧ ಹಾಲು ಒಡೆದಿತ್ತು. ಉಳಿದದ್ದನ್ನು ಕಲ್ಲಿನ ಬುಡಕ್ಕೆ ಬಿಟ್ಟಳು. ಬುಡದಲ್ಲಿ ಮಣ್ಣಿರಲಿಲ್ಲ, ಸಿಮೆಂಟು. ಹಾಲು ಇಂಗಲಿಲ್ಲ. ಹರಿದು ಸಾಹೇಬರ ರೂಮಿನ ಬಾಗಿಲ ತನಕ ಹೋಯಿತು.

ಸಾಹೇಬರು ಹೊರಗೆ ಬಂದರು. "ಏನಿದು? ಇದು ಗುಡಿಯಲ್ಲಮ್ಮ. ಹಾಲು ಎಣ್ಣೆ ಬಿದ್ದರೆ ಕಲ್ಲು ಕೆಡುತ್ತದೆ."

"ಅಲ್ಲೇ ಕೆಡತಿತ್ತಲ್ರಿ," ಅಂದಳು. ಆಮೇಲೆ, "ಇದರಾಗ ಏನ್ ಬರದೈತ್ರಿ?" ಅಂತ ಕೇಳಿದಳು.

ಓದಿ ಹೇಳು ಅಂದರೆ ಸಾಹೇಬರ ಸಿಟ್ಟು ಇಳಿಯುತ್ತಿತ್ತು. ಬೆರಳಿಟ್ಟು ಓದಿದರು. ಇಂಥ ನಾಯಕನ ಕಡೆಯಿಂದ ಕಾದಿ ಇಂಥವನು ಸತ್ತ, ಅವನ ಹೆಂಡತಿ ಈ ಕಲ್ಲು ನಿಲ್ಲಿಸಿದಳು.

"ಆಕಿ ಹೆಸರೇನ್ರಿ?"

ಸಾಹೇಬರು ಇನ್ನೊಮ್ಮೆ ನೋಡಿದರು. "ಹೆಂಡತಿ ಅಂತಷ್ಟೇ ಇದೆ. ಹೆಸರು ಬರೆದಿಲ್ಲ."

"ಹೆಸರಿಲ್ದಿದ್ರೂ ಆಕಿಗಿ ಕಲ್ಲು ನಿಲ್ಲಸಾಕ ಬಿಟ್ರು. ನಂದು ನಿಂತಿದ್ದನ್ನ ಎಬ್ಬಿಸಿದ್ರಿ."

ಸಾಹೇಬರು ಒಳಗೆ ಹೋದರು. ವಾಪಸು ಕೊಡಬಹುದೇ ಅಂತ ಮೇಲಿನವರಿಗೆ ಎರಡು ಸಲ ಬರೆದರು, ಅದನ್ನು ಹೇಳಲೇಬೇಕು. ಮೊದಲನೆಯದಕ್ಕೆ ಉತ್ತರ ಬರಲಿಲ್ಲ. ಎರಡನೆಯದಕ್ಕೆ ಉತ್ತರ ಬರುವಷ್ಟರಲ್ಲಿ ಬದು ಹೋಗಿ ಡಾಂಬರು ಬಿದ್ದಿತ್ತು. ಉತ್ತರ, ಆಗುವುದಿಲ್ಲ ಅಂತ.

ಅವತ್ತು ಗೇಟಿನ ತನಕ ಅವಳ ಜೊತೆ ಹೋದೆ. "ಅಕ್ಕ, ನಂಗೂ ಗೊತ್ತಿರಲಿಲ್ಲ," ಅಂದೆ.

"ಗೊತ್ತಿಲ್ದಿದ್ರ ನನ್ನ ಬೆರಳು ಯಾಕ ಹಿಡದಿ?" ಅಂದಳು. ಜೋರು ಮಾಡಲಿಲ್ಲ. ನಿಜವಾಗಿ ಕೇಳಿದಳು. ಬಸ್ಸು ಬಂತು, ಹತ್ತಿದಳು.

ನಾನು ಏನಾದರೂ ಮಾಡಬೇಕಿತ್ತು. ನನಗೆ ಬರುವ ಕೆಲಸ ಒಂದೇ. ರಜೆಯ ದಿನ ಆಫೀಸಿಗೆ ಹೋಗಿ, ದೊಡ್ಡ ಕಾಗದ ನಾಲ್ಕು ಅಂಟಿಸಿ, ಆ ಕಲ್ಲಿನ ಪೂರಾ ಅಚ್ಚು ತೆಗೆದೆ. ಅಕ್ಷರ ಮಾತ್ರ ಅಲ್ಲ, ಮೇಲಿನ ಲಿಂಗ, ಕನ್ನೆಯರು, ಕೆಳಗೆ ಕುದುರೆ ಕಾಲಡಿ ಬಿದ್ದವರು, ಎಲ್ಲ. ನನ್ನ ಕೈಯಿಂದ ಅಷ್ಟು ಚೊಕ್ಕ ಅಚ್ಚು ಅದಕ್ಕೆ ಮುಂಚೆ ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ಸುರುಳಿ ಸುತ್ತಿಕೊಂಡು ಬಾದನಹಟ್ಟಿಗೆ ಹೋದೆ. ಖಾಸಿಮಣ್ಣ ತಮ್ಮ ಸ್ಕೂಟರಿನಲ್ಲಿ ಕರೆದುಕೊಂಡು ಹೋದರು.

ಅವಳ ಅಂಗಳದಲ್ಲಿ ಬಿಚ್ಚಿ ಹಾಸಿದೆ. ಅವಳು ಸುತ್ತಲೂ ನಡೆದು ನೋಡಿದಳು. ಕುದುರೆ ಕಾಲಡಿ ಬಿದ್ದವರ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು ಸ್ವಲ್ಪ ಹೊತ್ತು ನೋಡಿದಳು. "ಇವರು ಯಾರು?"

"ಗೊತ್ತಿಲ್ಲಕ್ಕ. ಇವರದು ಬರದಿಲ್ಲ."

ಅವಳೇ ಅದನ್ನು ಮೊದಲಿನಂತೆ ಸುತ್ತಿ ನನ್ನ ಕೈಗೆ ಕೊಟ್ಟಳು. "ಒಯ್ಯವ್ವ. ಆತ ಹೋದಾಗೂ ಕಾಗದಾನ ಕೊಟ್ಟಿದ್ರು."

ಖಾಸಿಮಣ್ಣ ಬಳ್ಳಾರಿ ಮುಟ್ಟಿದ ಮೇಲೆ, "ನಾನಾಗಿದ್ರ ಆ ಕಾಗದ ನಿನ್ನ ಮಾರಿಮ್ಯಾಲ ಒಗೀತಿದ್ದೆ. ಆಕಿ ಸುತ್ತಿ ಕೊಟ್ಟಾಳ," ಅಂದರು.

ಆಮೇಲೆ ನನ್ನ ಕೆಲಸದಲ್ಲಿ ಆದ ಬದಲಾವಣೆ ಒಂದೇ. ಯಾರ ಹೆಬ್ಬೆಟ್ಟು ಬೇಕಾದರೂ, ಮೊದಲು ಕಾಗದವನ್ನು ಯಾರಿಂದಾದರೂ ನನಗೆ ಓದಿಸಿಕೊಳ್ಳುತ್ತಿದ್ದೆ, ಆಮೇಲೆ ಒತ್ತುವವರ ಮುಂದೆ ಓದಿಸುತ್ತಿದ್ದೆ. ಕೆಲವರು ನಕ್ಕರು. ಒಬ್ಬ ಗುಮಾಸ್ತ, "ಈರಮ್ಮ ವಕೀಲಿ ಮಾಡ್ತಾಳ," ಅಂದ. ಮಾಡಿದೆ. ಎರಡು ಕಲ್ಲು ಬರಲಿಲ್ಲ, ಊರವರು ಒತ್ತಲಿಲ್ಲ. ನನಗೆ ಮೆಮೊ ಕೊಟ್ಟರು. ಅದನ್ನೂ ಓದಿಸಿಕೊಂಡೇ ತಗೊಂಡೆ.

ರಿಟೈರ್ ಆಗಿ ಈಗ ಹತ್ತು ವರ್ಷ. ಖಾಸಿಮಣ್ಣ ತೀರಿಕೊಂಡರು. ಸಾಹೇಬರು ಎಲ್ಲಿದ್ದಾರೋ ಗೊತ್ತಿಲ್ಲ. ಈ ವರ್ಷ ಅನುಷಾ ಊರೂರು ತಿರುಗಿ ಸ್ಮಾರಕದ ಕಲ್ಲುಗಳ ಪಟ್ಟಿ ಮಾಡುತ್ತಿದ್ದಳು. ಪಟ್ಟಿಗೆ ಸೇರಿದ ಕಲ್ಲನ್ನು ಇದ್ದಲ್ಲೇ ಉಳಿಸಬೇಕು, ಈಗಿನ ನಿಯಮ ಹಾಗಿದೆಯಂತೆ. ಬಾದನಹಟ್ಟಿಗೆ ಹೋಗುವಾಗ ನಾನೂ ಬರುತ್ತೇನೆ ಅಂದೆ.

ಶಿವಗಂಗಮ್ಮ ಇದ್ದಳು. ಬೆನ್ನು ಬಗ್ಗಿದೆ, ಕಣ್ಣು ಚೆನ್ನಾಗಿದೆ. ನನ್ನನ್ನು ನೋಡಿದ ಕೂಡಲೆ, "ಬೆರಳು ಹಿಡ್ಯಾಕ ಬಂದೀಯೇನ?" ಅಂದಳು.

"ಬಂದೀನಿ," ಅಂದೆ. "ಮೊದಲು ಎಲ್ಲಿ ಹಾಲು ಬಿಡತಿ ತೋರಸು."

ಹೊಲದ ಒಳಗಡೆ, ಈಗಿನ ಬದುವಿಗಿಂತ ಹತ್ತು ಹೆಜ್ಜೆ ಹಿಂದೆ, ಒಂದು ಚಪ್ಪಡಿ ನಿಂತಿತ್ತು. ಮನೆಗೆ ಹಾಸುವ ಕಡಪಕಲ್ಲು. ಅಕ್ಷರ ಇಲ್ಲ, ಚಿತ್ರ ಇಲ್ಲ. ರಸ್ತೆಯವರು ಬರುವ ಮುಂಚೆ ಅವಳು ಹಳೇ ಕುಳಿಯ ಮಣ್ಣನ್ನು ಬುಟ್ಟಿ ಬುಟ್ಟಿ ಹೊತ್ತು ಇಲ್ಲಿಗೆ ತಂದು ಹಾಕಿ, ಅದರ ಮೇಲೆ ಇದನ್ನು ನಿಲ್ಲಿಸಿದ್ದಳು. ಬಳೆ ಚೂರೂ ಅದರಲ್ಲೇ ಬಂದಿರಬೇಕು. ನಾನು ಕೇಳಲಿಲ್ಲ. ಈಗ ಆ ಕಡೆ ಇನ್ನೊಮ್ಮೆ ರಸ್ತೆ ಅಳೆದು ಕೆಂಪು ಗೂಟ ಹೊಡೆದು ಹೋಗಿದ್ದರು. ಒಂದು ಗೂಟ ಚಪ್ಪಡಿಯ ಮಗ್ಗುಲಲ್ಲೇ ಇತ್ತು.

"ಅಜ್ಜಿ, ಇದು ನಮ್ಮ ಪಟ್ಟೀಗೆ ಬರಲ್ಲ," ಅಂತ ಅನುಷಾ ನನ್ನ ಕಿವಿಯಲ್ಲಿ ಅಂದಳು. "ಇದು ಸುಮ್ಮನೆ ಚಪ್ಪಡಿ."

"ಯುದ್ಧದಾಗ ಹೋದಾವನ ಕಲ್ಲು ಹೌದೋ ಅಲ್ಲೋ?"

"ಹೌದು."

"ಹಂಗಾರ ಬರಿ. ಮ್ಯಾಲಿನವರು ಹೊಡದು ಹಾಕಿದ್ರ ಹಾಕಲಿ. ನೀ ಬರಿ."

ಅವಳು ಫೋನು ತೆಗೆಯಲಿಲ್ಲ. ಕಾಗದದ ಫಾರಂ ತೆಗೆದಳು. ಎತ್ತರ ಅಳೆದಳು. ಸತ್ತವನ ಹೆಸರು ಕೇಳಿದಳು. ಶಿವಗಂಗಮ್ಮ ಗಂಡನ ಹೆಸರು ಬಾಯಿಬಿಟ್ಟು ಹೇಳುವುದಿಲ್ಲ, ಆ ಕಾಲದವಳು. ಪಕ್ಕದ ಹೊಲದವರು ಹೇಳಿದರು: ಬಸಪ್ಪ. ನಿಲ್ಲಿಸಿದವರು ಅನ್ನುವ ಕಡೆ ಅನುಷಾ 'ಹೆಂಡತಿ' ಅಂತ ಬರೆಯತೊಡಗಿದಳು. ಕೈ ಹಿಡಿದು ನಿಲ್ಲಿಸಿ, ಶಿವಗಂಗಮ್ಮ ಅಂತ ಬರೆಸಿದೆ.

"ಯಾವ ಕಾಲದ್ದು ಅಂತ ಬರೀಲಿ ಅಜ್ಜಿ?"

ನಾನು ಬಾಯಿ ತೆರೆಯುವ ಮುಂಚೆ ಶಿವಗಂಗಮ್ಮ ಹೇಳಿದಳು: "ನನ್ನ ಕಾಲದ್ದು."

ಅನುಷಾ ಹಾಗೇ ಬರೆದಳು. ಮಸಿಯ ಡಬ್ಬಿ ತೆಗೆದಳು. ಶಿವಗಂಗಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಓದು."

ಅನುಷಾ ಓದಿದಳು. ಕಲ್ಲು ಇದ್ದಲ್ಲೇ ಇರತಕ್ಕದ್ದು, ಯಾರೂ ಕೀಳತಕ್ಕದ್ದಲ್ಲ ಅನ್ನುವ ಸಾಲು ಕೊನೆಗೆ ಬಂತು.

"ಆಕೀನೂ ಓದಲಿ," ಅಂತ ನನ್ನ ಕಡೆ ಗದ್ದ ಎತ್ತಿದಳು.

ನಾನು ಕನ್ನಡಕ ಹಾಕಿಕೊಂಡು ಕಾಗದ ಇಸಕೊಂಡೆ. ಒತ್ತಕ್ಷರ ಬಂದಲ್ಲೆಲ್ಲ ನಿಂತೆ. ಬಹಳ ಹೊತ್ತು ಹಿಡಿಯಿತು. ಇಬ್ಬರೂ ಬಿಸಿಲಿನಲ್ಲಿ ನಿಂತು ಕೇಳಿದರು. ಓದಿ ಮುಗಿಸಿದ ಮೇಲೆ ಶಿವಗಂಗಮ್ಮ ಕೈ ಹೊರಗೆ ತೆಗೆದಳು. ಹಿಡಿಯಲು ನಾನು ಕೈ ಚಾಚಿದೆ.

"ಬಿಡು," ಅಂದು ತಾನೇ ಒತ್ತಿದಳು.